ಗುಲಾಬಿ ಹಕ್ಕಿ ಕೊಡದ ಸರ್ಟಿಫಿಕೇಟು

ಚಳಿಗಾಲ ಬಂತೆಂದರೆ ಮುಂಬಯಿಯ ಪಕ್ಷಿಪ್ರಿಯರ ಕಾರುಗಳು ಭಾಂಡುಪ್ ಪಂಪಿಂಗ್ ಸ್ಟೇಷನ್, ಐರೋಳಿ, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ, ಉರಣದ ಜೌಗುಭೂಮಿ ಎಂದು ಥಾಣೆ ಖಾಡಿಯ (ಕ್ರೀಕ್) ಆಸುಪಾಸು ಸುತ್ತತೊಡಗುತ್ತವೆ. ಸೆಳೆತ ಮುಖ್ಯವಾಗಿ ಒಂದೇ: ರಾಜಹಂಸ, ಅಂದರೆ ಫ್ಲೆಮಿಂಗೊ. ಕೆಲವು ವರ್ಷ ಇವುಗಳ ಎಣಿಕೆ ಲಕ್ಷ ದಾಟಿದೆ. 2015ರಲ್ಲಿ ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ (ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ) ಆಯಿತು. ಇಷ್ಟಾದ ಮೇಲೆ, ‘ಇಷ್ಟೊಂದು ಹಕ್ಕಿ ಬರುತ್ತಿವೆ ಎಂದರೆ ನೀರು ಶುದ್ಧವಾಗಿರಲೇಬೇಕು’ ಎನ್ನುವವರ ಮಾತಿಗೆ ಬಲ ಬಂದಿದೆ. ಆದರೆ ಹಕ್ಕಿಯ ಕೊಕ್ಕನ್ನು ನೋಡಿದರೆ ಈ ತರ್ಕ ನಿಲ್ಲುವುದಿಲ್ಲ.

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ಕಥೆಯನ್ನು ಈ ಹಕ್ಕಿಗೂ ಅಂಟಿಸುವವರಿದ್ದಾರೆ. ಯಾವ ಹಕ್ಕಿಯ ಕೊಕ್ಕಿಗೂ ಅದು ಸಾಧ್ಯವಿಲ್ಲ. ಪದ್ಯದಲ್ಲಿ ಚೆಂದ, ಪಾಠದಲ್ಲಿ ಬೇಡ. ನಿಜದ ಕೊಕ್ಕು ಬೇರ್ಪಡಿಸುವುದು ಕೆಸರುನೀರಿನಿಂದ ಆಹಾರವನ್ನು. ತಲೆ ಕೆಳಗಾಗಿ ಮುಳುಗಿದ ಕೊಕ್ಕಿನೊಳಗೆ ದಪ್ಪ ನಾಲಿಗೆ ಸೈಕಲ್ ಪಂಪಿನ ಹಾಗೆ ಹಿಂದೆಮುಂದೆ ಚಲಿಸಿ ನೀರೆಳೆದು ಹೊರಹಾಕುತ್ತದೆ. ಅಂಚಿನ ಸಣ್ಣ ಎಳೆಗಳಲ್ಲಿ ತಿನಿಸು ಉಳಿಯುತ್ತದೆ. ಅಷ್ಟೇ ಅಲ್ಲ. ಚಿಲಿಯನ್ ಫ್ಲೆಮಿಂಗೊ ಎಂಬ ಜಾತಿಯ ಹಕ್ಕಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವು ತಲೆಯನ್ನು ಸೆಕೆಂಡಿಗೆ ಸುಮಾರು 40 ಸೆಂ.ಮೀ. ವೇಗದಲ್ಲಿ ಮೇಲೆಳೆದಾಗ ತಳದಿಂದ ಪುಟ್ಟ ಸುಳಿಯೇಳುತ್ತದೆ. ಕೊಕ್ಕನ್ನು ಸೆಕೆಂಡಿಗೆ ಹತ್ತು–ಹನ್ನೆರಡು ಬಾರಿ ಕಟಕಟಿಸಿದರೆ ಇನ್ನಷ್ಟು ಸುಳಿಗಳು. ಕೆಸರು ತುಳಿಯುವ ಜಾಲಪಾದಗಳದ್ದೂ ಅದೇ ಕೆಲಸ. ಸುಳಿಗೆ ಸಿಕ್ಕ ಜೀವಿ ನೇರ ಬಾಯಿಗೆ! ನಿಶ್ಚಲವಾಗಿ ನಿಂತು ಧ್ಯಾನಿಸುವಂತೆ ಕಾಣುವ ಹಕ್ಕಿ ನೀರಿನಡಿ ಹೀಗೆ ದುಡಿಯುತ್ತಿರುತ್ತದೆ.

ಥಾಣೆ ಖಾಡಿಯಲ್ಲಿ ಹೆಚ್ಚಾಗಿರುವುದು ಕಿರಿಯ ಜಾತಿಯ ರಾಜಹಂಸ. ಅದರ ಮುಖ್ಯ ಆಹಾರ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಮೈಬಣ್ಣವೂ ಅದರಿಂದಲೇ. ಪಾಚಿ ಹುಲುಸಾಗಲು ಸಾರಜನಕ, ರಂಜಕ ಬೇಕು. ಅವೆರಡನ್ನೂ ಮಹಾನಗರದ ಚರಂಡಿಗಳು ಧಾರಾಳವಾಗಿ ತಂದು ಸುರಿಯುತ್ತವೆ. ಹಾಗಾಗಿ ಹಿಂಡು ಕೊಡುವ ಸಾಕ್ಷ್ಯ ಪಾಚಿಯ ಸಮೃದ್ಧಿಗೆ, ನೀರಿನ ಶುದ್ಧಿಗಲ್ಲ. ಗುಜರಾತಿನ ಜೌಗುಗಳು ಒಣಗಿದ್ದರಿಂದ ಈ ಹಕ್ಕಿಗಳು ಇಲ್ಲಿಗೆ ಬರುತ್ತವೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಅಲ್ಲಿ ಮಳೆ ಚೆನ್ನಾಗಿದ್ದರೆ ಇಲ್ಲಿಗೆ ತಡವಾಗಿ ಬರುವುದುಂಟು. ಆದರೆ ಬರಗಾಲ ಹಕ್ಕಿಯನ್ನು ಅಲ್ಲಿಂದ ಎಬ್ಬಿಸೀತೇ ಹೊರತು ಇಲ್ಲಿ ತಿಂಗಳುಗಟ್ಟಲೆ ನಿಲ್ಲಿಸಲಾರದು, ನಿಲ್ಲಿಸುವುದು ಊಟ.

ಹಾಗಾದರೆ ಕೊಳಚೆ ಹರಿಯಲಿ ಬಿಡಿ ಎಂದು ಯಾರಾದರೂ ವಾದಿಸಿದರೆ, ಅವರು ಕೀನ್ಯಾದ ಬೊಗೋರಿಯಾ ಸರೋವರದತ್ತ ನೋಡಬೇಕು. ಅಲ್ಲಿ ಸತ್ತ ಕಿರಿಯ ರಾಜಹಂಸಗಳ ದೇಹದಲ್ಲಿ ನೀಲಿಹಸಿರು ಪಾಚಿಯ ವಿಷ ಪತ್ತೆಯಾಗಿತ್ತು. ಪಾಚಿಗಳಲ್ಲೂ ಅನ್ನವಾಗುವವು ಬೇರೆ, ವಿಷವಾಗುವವು ಬೇರೆ. ಜೊತೆಗೆ ಊಟವೊಂದಿದ್ದರೆ ಸಾಲದು. ಉಬ್ಬರದಲ್ಲಿ ಕೆಸರುಬಯಲು ಮುಳುಗಿದಾಗ ಹಕ್ಕಿಗೆ ಕಾಲೂರಲು ಆಳವಿಲ್ಲದ ಕೆರೆಗಳು ಬೇಕು. ಪಾಮ್ ಬೀಚ್ ರಸ್ತೆಯ ಕಡೆ ಕಾರಿನವರಿಗೆ ಹಿಂಡುಗಳು ಕಾಣುವುದು ಹೀಗೆ. 2024ರಲ್ಲಿ ನವಿ ಮುಂಬಯಿಯ ನೆರೂಳಿನ ಡಿಪಿಎಸ್ ಕೆರೆಗೆ ಸಮುದ್ರದ ನೀರು ಬರುವ ದಾರಿ ಕಟ್ಟಿಕೊಂಡು, ಮೇಲೆ ಪಾಚಿಯ ಪದರ ಹಬ್ಬಿದಾಗ ರಾಜಹಂಸಗಳು ಆ ಕೆರೆಯನ್ನೇ ತೊರೆದವು. ಪಾಚಿ ತಿನ್ನುವ ಹಕ್ಕಿಗೂ ಆ ಪಾಚಿ ಬೇಡವಾಗಿತ್ತು.