ಮ್ಯಾಶ್‌ನ ಕೊನೆಯ ಕಂತು ಮತ್ತು ಮಡಿಕೇರಿಯ ತಿಮ್ಮಯ್ಯ

ನಿಮಗಿದು ಗೊತ್ತೆ?

ಕೊರಿಯಾ ಯುದ್ಧ ನಡೆದದ್ದು ಮೂರೇ ವರ್ಷ. ಆ ಯುದ್ಧದ ಸೇನಾ ಆಸ್ಪತ್ರೆಯೊಂದರ ಮೇಲೆ ಅಮೆರಿಕದವರು ತೆಗೆದ ಹಾಸ್ಯ ಧಾರಾವಾಹಿ ‘ಮ್ಯಾಶ್’ ಓಡಿದ್ದು ಹನ್ನೊಂದು ವರ್ಷ! 1983ರ ಫೆಬ್ರವರಿ 28ರಂದು ಬಂದ ಎರಡೂವರೆ ಗಂಟೆಯ ಕೊನೆಯ ಕಂತನ್ನು ಸುಮಾರು 10.6 ಕೋಟಿ ಜನ ನೋಡಿದರು. ಅದರಲ್ಲಿ ಗತ್ತಿನ ಸರ್ಜನ್ ವಿಂಚೆಸ್ಟರ್, ಸೆರೆಸಿಕ್ಕ ಐವರು ಚೀನೀ ವಾದಕರಿಗೆ ಮೊಜಾರ್ಟ್ ಸಂಗೀತ ಕಲಿಸುತ್ತಾನೆ. ಕೈದಿಗಳ ವಿನಿಮಯಕ್ಕೆಂದು ಹೊರಟ ಆ ಐವರಲ್ಲಿ ಒಬ್ಬರೂ ಉಳಿಯುವುದಿಲ್ಲ. ನಗಿಸಲೆಂದೇ ಹುಟ್ಟಿದ ಧಾರಾವಾಹಿ ಇಲ್ಲಿ ಕರುಳು ಹಿಂಡುತ್ತದೆ.

ನಿಜವಾದ ಸೆರೆಯಾಳುಗಳ ಗೋಜಲು ಇನ್ನೂ ದೊಡ್ಡದು. ಊರಿಗೆ ಮರಳಲೊಲ್ಲೆವೆಂದ 22,000ಕ್ಕೂ ಹೆಚ್ಚು ಮಂದಿಯನ್ನು ಏನು ಮಾಡುವುದು? ಅದನ್ನು ಬಗೆಹರಿಸಲು 1953ರಲ್ಲಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಮಡಿಕೇರಿಯ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ. ಎತ್ತ ವಾಲಿದರೂ ಇನ್ನೊಂದು ಬಣದ ಸಿಟ್ಟು ಕಟ್ಟಿಟ್ಟ ಬುತ್ತಿ.

ಅಂದಹಾಗೆ, ಕೊರಿಯಾ ಯುದ್ಧದಲ್ಲಿ ಭಾರತದ್ದೇ ಒಂದು ‘ಮ್ಯಾಶ್’ ಕೂಡ ಇತ್ತು: ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಮುಂದಾಳತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್. 1950ರ ಡಿಸೆಂಬರ್‌ನಲ್ಲಿ ಪ್ಯೊಂಗ್ಯಾಂಗ್‌ನಿಂದ ಹಿಮ್ಮೆಟ್ಟುವಾಗ ಔಷಧ, ಸಲಕರಣೆ ಬಿಟ್ಟುಹೋಗಲು ಇವರಿಗೆ ಮನಸ್ಸಾಗಲಿಲ್ಲ. ಹಳೆಯ ಉಗಿ ಎಂಜಿನ್ ಹುಡುಕಿ, ಬಕೆಟ್‌ಗಳಲ್ಲಿ ನೀರು ತುಂಬಿಸಿ, ತಾವೇ ರೈಲು ಓಡಿಸಿಕೊಂಡು ಪಾರಾದರು!

ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಕೊಡಗಿಗೆ ಹೋಗುವವರು ಅದನ್ನೂ ನೋಡಿ ಬನ್ನಿ.