ಮೆಟ್ರೋ ದ್ವಾರವು ಆಡುವ ಎರಡು ಮಾತು

ಬೆನ್ಸನ್ ಟೌನಿನ ವಿದ್ಯಾರ್ಥಿಯೊಬ್ಬನು ಹಲಸೂರು ನಿಲ್ದಾಣಕ್ಕೆ ಬಂದು ದ್ವಾರದ ಮೇಲೆ ಕಾರ್ಡನ್ನು ತಾಗಿಸುತ್ತಾನೆ. ಚಿಕ್ಕದೊಂದು ಸದ್ದು, ಹಸುರು ಬೆಳಕು, ಕದ ತೆರೆಯುತ್ತದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ‘ನಮ್ಮ ಮೆಟ್ರೋ’ ಓಡತೊಡಗಿದಂದಿನಿಂದ ಇದು ಬೆಂಗಳೂರಿಗೆ ಪರಿಚಿತವಾದ ನೋಟ. ಕದ ತೆರೆದರೆ ಸಾಲದೆ? ಸದ್ದೂ ಬೆಳಕೂ ಏತಕ್ಕೆ?

ಕಾರ್ಡಿನೊಳಗೆ ಬ್ಯಾಟರಿಯಿಲ್ಲ. ದ್ವಾರದಲ್ಲಿರುವ ತಂತಿಸುರುಳಿಯು ಸೆಕೆಂಡಿಗೆ 1,35,60,000 ಆವರ್ತಗಳುಳ್ಳ ಕಾಂತಕ್ಷೇತ್ರವನ್ನು ಹರಡುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆ ಕಾರ್ಡಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಅದರ ಬಲದಿಂದಲೇ ಕಾರ್ಡು ಉತ್ತರ ಕೊಡುತ್ತದೆ. ಈ ಸಂಭಾಷಣೆಯು ನಮ್ಮ ಯಾವ ಇಂದ್ರಿಯಕ್ಕೂ ಗೋಚರವಲ್ಲ. ಆದುದರಿಂದ ದ್ವಾರವು ಅದರ ಫಲವನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಬೇಕು.

ಹೇಳುವುದು ಶೀಘ್ರವಾಗಿಯೂ ಇರಬೇಕು. ಸೆಕೆಂಡಿಗೆ 1.2 ಮೀಟರು ನಡೆಯುವವನು 0.2 ಸೆಕೆಂಡಿನಲ್ಲಿ 24 ಸೆಂಟಿಮೀಟರು, ಎಂದರೆ ಸುಮಾರು ಒಂದು ಗೇಣು, ಮುಂದೆ ಸಾಗಿರುತ್ತಾನೆ. ಉತ್ತರ ತಡವಾದರೆ ಅವನು ಮುಚ್ಚಿದ ಕದಕ್ಕೆ ಎಡವುತ್ತಾನೆ; ಹಿಂದಿನವರು ಅವನ ಮೇಲೆ ಬೀಳುತ್ತಾರೆ. ಬೆಳಕಿಗಿಂತ ಸದ್ದಿಗೆ ನಾವು ತುಸು ಬೇಗ ಪ್ರತಿಕ್ರಿಯೆ ತೋರುತ್ತೇವೆ. ಅಲ್ಲದೆ, ಮುಖ ಯಾವ ಕಡೆಗಿದ್ದರೂ ಕಿವಿ ಕೇಳುತ್ತದೆ. ಆದರೆ ಸಾಲಾಗಿ ದ್ವಾರಗಳಿರುವಾಗ ಆ ಸದ್ದು ತನ್ನದೋ ನೆರೆಯವನದೋ? ಆ ಸಂಶಯವನ್ನು ಕಣ್ಣೇ ಪರಿಹರಿಸಬೇಕು.

ಕಣ್ಣಿಗೂ ಒಂದು ಮಿತಿಯುಂಟು. ಪರಮಾಣುವಾದಕ್ಕೆ ಹೆಸರಾದ ಡಾಲ್ಟನ್ನನು ತನಗೆ ಬಣ್ಣಗಳು ಇತರರಿಗೆ ಕಂಡಂತೆ ಕಾಣವೆಂಬುದನ್ನು 1794ರಲ್ಲಿ ವಿವರಿಸಿದನು. ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದ ಗಂಡಸರು ಇಂದಿಗೂ ನೂರಕ್ಕೆ ಹಲವರಿದ್ದಾರೆ. ಅವರಿಗೆ ಬಣ್ಣವೊಂದೇ ಗುರುತಾಗಲಾರದು. ಹಸುರಿಗೆ ಬಾಣವನ್ನೂ ಕೆಂಪಿಗೆ ಅಡ್ಡಗೀಟುಗಳನ್ನೂ ಜೋಡಿಸಿದಾಗ, ಬಣ್ಣ ತಪ್ಪಿದರೂ ಆಕಾರ ತಪ್ಪುವುದಿಲ್ಲ. ಸದ್ದಿನಲ್ಲಿಯೂ ಹಾಗೆಯೇ: ಒಪ್ಪಿಗೆಗೆ ಒಂದು ಬಗೆ, ನಿರಾಕರಣೆಗೆ ಮತ್ತೊಂದು ಬಗೆ ಇದ್ದರೆ ಮಾತ್ರ ಕಣ್ಣಿಲ್ಲದವನಿಗೆ ಅರ್ಥವಾದೀತು.

ಒಂದೇ ಸಂಗತಿಯನ್ನು ಎರಡು ಸಲ ಹೇಳುವುದು ವ್ಯರ್ಥವೆಂದು ನಾವು ಭಾವಿಸಬಾರದು. ಕುರುಡನಿಗೆ ಸದ್ದೇ ಕಣ್ಣು. ಕಿವುಡನಿಗೆ ಬೆಳಕೇ ಕಿವಿ. ಇವೆರಡರಲ್ಲಿ ಯಾವುದನ್ನು ಕೈಬಿಟ್ಟರೂ ಆ ಕದವು ಯಾರೋ ಒಬ್ಬರ ಪಾಲಿಗೆ ಮೂಕವಾಗುತ್ತದೆ.