ಗುಟ್ಟಿನ ಅಂಕಿಯಿಂದ ಸುದ್ದಿ ಕಳುಹಿಸುವ ಬಗೆ

ದನದ ಜಾತ್ರೆಗೆ ಹೋಗಿ ಬಂದ ರೈತ ಬಾಂಧವರು ದಲ್ಲಾಳಿಗಳ ವ್ಯಾಪಾರವನ್ನು ಕಂಡೇ ಇರುತ್ತೀರಿ. ಟವಲಿನ ಕೆಳಗೆ ಕೈ ಹಿಡಿದು, ಬೆರಳುಗಳನ್ನು ಒತ್ತಿ ಎತ್ತಿನ ಬೆಲೆ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಅದು ತಿಳಿಯದು. ಆದರೆ ಅಣ್ಣ ಊರಿನಲ್ಲಿ, ತಮ್ಮ ಮೆಣಸಿನಕಾಯಿ ಚೀಲಗಳೊಡನೆ ಮಂಡಿಯಲ್ಲಿ ಇದ್ದರೆ ಟವಲಿನ ಆಟ ನಡೆಯದು. ಕ್ವಿಂಟಾಲಿಗೆ ಇಷ್ಟಕ್ಕಿಂತ ಕಡಮೆಗೆ ಕೊಡಬೇಡವೆಂದು ಅಣ್ಣ ಬರೆದ ಚೀಟಿ ಕೊಳ್ಳುವವನ ಕಣ್ಣಿಗೆ ಬಿದ್ದರೆ, ಅವನು ಅದರ ಮೇಲೆ ಒಂದು ರೂಪಾಯಿಯನ್ನೂ ಏರಿಸುವುದಿಲ್ಲ.

ಇದಕ್ಕೆ ಉಪಾಯ ಬಹಳ ಹಳೆಯದು. ವಾತ್ಸ್ಯಾಯನನು ಹೇಳಿದ 64 ಕಲೆಗಳಲ್ಲಿ ಗೂಢವಾಗಿ ಬರೆಯುವ ಮ್ಲೇಚ್ಛಿತ ವಿಕಲ್ಪವೂ ಒಂದು. ರೋಮಿನ ಜೂಲಿಯಸ್ ಸೀಸರನು ಪ್ರತಿ ಅಕ್ಷರಕ್ಕೂ ಅದರ ಮುಂದಿನ ಮೂರನೆಯ ಅಕ್ಷರವನ್ನು ಬರೆಯುತ್ತಿದ್ದನಂತೆ. ನಮ್ಮ ವ್ಯಂಜನಗಳನ್ನು ಒಂದೊಂದೇ ಮುಂದಕ್ಕೆ ಸರಿಸಿದರೆ ‘ಮನೆ’ ಎಂಬುದು ‘ಯಪೆ’ ಆಗುವುದು. ಆದರೆ ವ್ಯಂಜನಗಳು 34 ಮಾತ್ರ. ಸರಿಸುವ ಬಗೆಗಳು 33. ಶಾಲೆಯ ಹುಡುಗನೂ ಒಂದು ಸಂಜೆಯಲ್ಲಿ ಎಲ್ಲವನ್ನೂ ಪರೀಕ್ಷಿಸಿ ಗುಟ್ಟನ್ನು ಒಡೆದಾನು.

ಇದಕ್ಕಿಂತ ಭದ್ರವಾದ ಕ್ರಮವನ್ನು ಕಾಗದ ಪೆನ್ಸಿಲ್ಲುಗಳಿಂದಲೇ ಮಾಡಬಹುದು. ಮಂಡಿಗೆ ಹೊರಡುವ ಮುಂಚೆ ಅಣ್ಣತಮ್ಮಂದಿರು ಮನಸ್ಸಿಗೆ ಬಂದ ಅಂಕಿಯಲ್ಲ, ಚೀಟಿ ಎತ್ತಿ ಬಂದ ಐದು ಅಂಕಿಗಳನ್ನು ಬರೆದುಕೊಳ್ಳಲಿ. 57396 ಬಂತೆನ್ನಿ. ಇದೇ ಕೀಲಿಕೈ. ಅಣ್ಣ ಹೇಳಬೇಕಾದ ದರ 18400. ಒಂದೊಂದು ಅಂಕಿಗೂ ಅದರ ಕೆಳಗಿನ ಅಂಕಿಯನ್ನು ಕೂಡಬೇಕು. ಹತ್ತು ದಾಟಿದರೆ ದಶಕವನ್ನು ಬಿಟ್ಟುಬಿಡಬೇಕು, ಮುಂದಿನ ಮನೆಗೆ ಒಯ್ಯಬಾರದು. 1ಕ್ಕೆ 5 ಸೇರಿ 6. 8ಕ್ಕೆ 7 ಸೇರಿ 15, ಬರೆಯುವುದು 5. ಹೀಗೆ 65796 ಆಗುವುದು. ತಮ್ಮನು ಅದೇ ಕೀಲಿಕೈಯನ್ನು ಕಳೆಯುತ್ತಾನೆ. 5ರಲ್ಲಿ 7 ಹೋಗದಿದ್ದರೆ 15ರಲ್ಲಿ ಕಳೆದು 8 ಎಂದು ಬರೆಯುತ್ತಾನೆ. 18400 ಮರಳಿ ಬರುವುದು.

ನಡುವೆ ಓದಿದವನಿಗೆ 65796ರಿಂದ ಏನೂ ತಿಳಿಯದು. ಐದಂಕಿಯ ಯಾವ ದರಕ್ಕಾದರೂ ಸರಿಹೊಂದುವ ಒಂದು ಕೀಲಿಕೈ ಇದ್ದೇ ಇರುತ್ತದೆ. ಅಮೆರಿಕದ ವರ್ನಾಮ್ ಎಂಬ ಇಂಜಿನಿಯರು 1917ರಲ್ಲಿ ತಂತಿ ಸುದ್ದಿಗೆ ಇಂಥ ಯಂತ್ರ ರಚಿಸಿದನು. ಕೀಲಿಕೈ ಸುದ್ದಿಯಷ್ಟೇ ಉದ್ದವಿದ್ದು, ಒಮ್ಮೆ ಮಾತ್ರ ಬಳಸಿದರೆ ಇದನ್ನು ಒಡೆಯಲಾಗದೆಂದು ಶಾನನ್ ಎಂಬ ಪಂಡಿತನು 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗಣಿತದಿಂದ ತೋರಿಸಿದನು.

ಒಮ್ಮೆ ಮಾತ್ರ ಎಂಬ ಮಾತನ್ನು ಗಮನಿಸಿರಿ. ಮರುದಿನ 18650ನ್ನು ಅದೇ ಕೀಲಿಕೈಯಿಂದ ಬರೆದರೆ 65946 ಬರುವುದು. ಎರಡು ಚೀಟಿಗಳನ್ನೂ ಕಂಡವನು ಅಂಕಿಗೆ ಅಂಕಿ ಕಳೆದರೆ 00250. ನೀವು 250 ರೂಪಾಯಿ ಏರಿಸಿದಿರೆಂದು ಕೀಲಿಕೈ ಇಲ್ಲದೆಯೇ ತಿಳಿಯಿತು! ನಿನ್ನೆ ಮಾಲು 18400ಕ್ಕೆ ಹೋದದ್ದು ಮಂಡಿಗೆಲ್ಲ ಗೊತ್ತಿದ್ದರೆ, ಅದನ್ನು ಕಳೆದು ಕೀಲಿಕೈಯನ್ನೇ ತೆಗೆಯುವನು. ಸೋವಿಯೆತ್ ದೇಶದವರು 1942ರಲ್ಲಿ ಕೀಲಿಕೈ ಹಾಳೆಗಳನ್ನು ಎರಡೆರಡು ಅಚ್ಚು ಹಾಕಿದ್ದರಿಂದಲೇ ಅವರ ಹಲವು ಗುಪ್ತ ಸಂದೇಶಗಳನ್ನು ಅಮೆರಿಕದವರು ಓದಿದರು. ಆದುದರಿಂದ ಹತ್ತು ಸಾಲು ಅಂಕಿಗಳನ್ನು ಮೊದಲೇ ಬರೆದಿಟ್ಟು, ಬಳಸಿದ ಸಾಲನ್ನು ಹರಿದು ಸುಡತಕ್ಕದ್ದು.

ಈಗಿನ ಮೊಬೈಲಿನ ಸಂದೇಶಗಳಿಗೂ ಮೂಲತತ್ತ್ವ ಇದೇ: ಎರಡೂ ಕಡೆ ಒಂದೇ ಗುಟ್ಟು. ಬೆರೆಸುವ ಲೆಕ್ಕ ಮಾತ್ರ ಬಹಳ ತೊಡಕಿನದು. ಕೀಲಿಕೈಯನ್ನು ಕೈಗೆ ಕೈ ಕೊಡದೆ, ಎಲ್ಲರೆದುರಿನ ಮಾತುಕತೆಯಿಂದಲೇ ಹೊಂದಿಸಿಕೊಳ್ಳುವ ದಾರಿಯನ್ನು ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ವಾಟ್ಸಾಪ್ 2016ರಿಂದ ತನ್ನ ಎಲ್ಲ ಬಳಕೆದಾರರ ಸಂದೇಶಗಳಿಗೂ ಇಂಥ ಬೀಗ ಹಾಕುತ್ತಿದೆ. ನಿಮ್ಮಿಬ್ಬರ ನಡುವಿನ ಬೀಗವನ್ನು ಪರೀಕ್ಷಿಸಲು ಅದರಲ್ಲಿ 60 ಅಂಕಿಗಳ ಸಂಖ್ಯೆಯೊಂದುಂಟು. ಎರಡು ಫೋನುಗಳಲ್ಲಿಯೂ ಅದು ಒಂದೇ ಇದೆಯೇ ಎಂದು ಎದುರುಬದುರು ಕುಳಿತು ನೋಡಿಕೊಳ್ಳಿರಿ.

ಈ ಬೀಗ ದಾರಿಗೆ ಮಾತ್ರ. ಸಂದೇಶ ಬಿಚ್ಚಿದ ಮೇಲೆ ಫೋನನ್ನು ಚಹಾದಂಗಡಿಯ ಮೇಜಿನ ಮೇಲೆ ಬಿಟ್ಟುಹೋದರೆ ಯಾವ ಗಣಿತವೂ ಕಾಯದು. ಫೋನಿಗೆ ಬರುವ ಆರಂಕಿಯ ನೋಂದಣಿ ಸಂಖ್ಯೆಯನ್ನು ಕೇಳಿ ಯಾರೇ ಕರೆ ಮಾಡಿದರೂ, ಬ್ಯಾಂಕಿನವರೆಂದರೂ, ನೆಂಟರೆಂದರೂ, ಹೇಳದೆ ಕರೆಯನ್ನು ಕಡಿದುಬಿಡಿರಿ.